ಒಂದು ರಾಜಕಾಲುವೆ, ಮೂರು ಪಾಲಿಕೆ: ಬೆಂಗಳೂರಿನ ನಗರಾಡಳಿತ ಕುರಿತ ಪ್ರಕರಣ ಅಧ್ಯಯನ

ಮೆಜೆಸ್ಟಿಕ್ ಬಳಿ ಶುರುವಾಗುವ ಕೋರಮಂಗಲ ಕಣಿವೆಯ ರಾಜಕಾಲುವೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆ, ಶಾಂತಿನಗರ, ಕೋರಮಂಗಲ ದಾಟಿ ಬೆಳ್ಳಂದೂರು ಕೆರೆ ಸೇರುತ್ತದೆ. ಕೆರೆ ತುಂಬಿದರೆ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಈ ದಾರಿಯಲ್ಲಿ ಕಾಲುವೆಯ ಗೋಡೆ, ಹೂಳು ಪಾಲಿಕೆಯ ಪಾಲು. ಅದರೊಳಗೆ ಹರಿಯುವ ಕೊಳಚೆಯನ್ನು ತಡೆಯಬೇಕಾದದ್ದು ಜಲಮಂಡಳಿ. ಕೊನೆಗೆ ಸಿಗುವ ಬೆಳ್ಳಂದೂರು ಕೆರೆಯ ಉಸ್ತುವಾರಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕೈಯಲ್ಲಿ. ಕೆರೆಯಲ್ಲಿ ನೊರೆ ಎದ್ದಾಗ, ಬೆಂಕಿ ಕಾಣಿಸಿಕೊಂಡಾಗ ಹಸಿರು ನ್ಯಾಯಮಂಡಳಿಯ ಮುಂದೆ ಇಷ್ಟೂ ಸಂಸ್ಥೆಗಳು ಸಾಲಾಗಿ ನಿಂತು ಉತ್ತರ ಹೇಳಬೇಕಾಯಿತು. ಒಂದೇ ನೀರಿಗೆ ಇಷ್ಟು ಜನ ಯಜಮಾನರಿದ್ದರೂ, ದಂಡೆಯ ಮೇಲಿನ ಮನೆಗೆ ನೀರು ನುಗ್ಗಿದಾಗ ಅಲ್ಲಿನ ನಿವಾಸಿಗೆ ಸಿಗುವುದು ವಾರ್ಡಿನ ಎಂಜಿನಿಯರ್ ಒಬ್ಬರೇ.

2025ರ ಸೆಪ್ಟೆಂಬರ್ 2ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಜಾಗದಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ನಗರ ಪಾಲಿಕೆಗಳು ಬಂದವು. ಅವುಗಳ ಮೇಲೆ ಮುಖ್ಯಮಂತ್ರಿಯೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂತಿತು. ಈಗ ಅದೇ ನೀರು ಕೇಂದ್ರ ಪಾಲಿಕೆಯಲ್ಲಿ ಹುಟ್ಟಿ, ದಕ್ಷಿಣ ಪಾಲಿಕೆಯ ಕೋರಮಂಗಲ ದಾಟಿ, ವರ್ತೂರಿನ ಹೊತ್ತಿಗೆ ಪೂರ್ವ ಪಾಲಿಕೆಯಲ್ಲಿರುತ್ತದೆ. ಇಲ್ಲಿ ನೋಡಹೊರಟಿರುವುದು ಈ ಬದಲಾವಣೆಯನ್ನು, ಮತ್ತು ಅದರ ಹಿಂದಿನ 163 ವರ್ಷಗಳ ಇತಿಹಾಸವನ್ನು. ಬೆಂಗಳೂರಿನಲ್ಲಿ ಗಡಿಗೆರೆಯನ್ನು ಮತ್ತೆ ಮತ್ತೆ ತಿದ್ದಲಾಗಿದೆ. ನೀರು, ನಕ್ಷೆ, ಹಣ, ನೌಕರ ಈ ನಾಲ್ಕರ ಮೇಲಿನ ಹಿಡಿತ ಮಾತ್ರ ಚುನಾಯಿತ ಸಭೆಯ ಕೈಗೆ ಪೂರ್ತಿಯಾಗಿ ಬಂದದ್ದೇ ಇಲ್ಲ. ಹೊಸ ವ್ಯವಸ್ಥೆಯನ್ನು ಅಳೆಯಬೇಕಾದದ್ದೂ ಈ ನಾಲ್ಕರಿಂದಲೇ.

ಪೇಟೆ ಒಂದು, ದಂಡು ಒಂದು

ಊರು ಮೊದಲಿನಿಂದಲೂ ಎರಡಾಗಿತ್ತು. ಕೋಟೆಯ ಪಕ್ಕದ ಪೇಟೆ ಮೈಸೂರಿನದು. 1809ರಲ್ಲಿ ನೆಲೆಯಾದ ದಂಡು (ಕಂಟೋನ್ಮೆಂಟ್) ಬ್ರಿಟಿಷರದು. 1862ರ ಮಾರ್ಚ್ 27ರಂದು, 1850ರ ಪಟ್ಟಣ ಸುಧಾರಣಾ ಕಾಯ್ದೆಯ ಅಡಿ, ಪೇಟೆಯ ಒಂಬತ್ತು ಮಂದಿ ಪ್ರಮುಖರು ಸೇರಿ ಒಂದು ಮುನಿಸಿಪಲ್ ಮಂಡಳಿಯಾಯಿತು. ದಂಡಿಗೂ ಅಂಥದ್ದೇ ಇನ್ನೊಂದು ಬಂತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗಲೂ ದಂಡಿನ ಪ್ರದೇಶ ಬ್ರಿಟಿಷರ ಬಳಿಯೇ ಉಳಿಯಿತು. ಎರಡು ಮಂಡಳಿಗಳು ಬೆಂಗಳೂರು ಸಿಟಿ ಮುನಿಸಿಪಾಲಿಟಿ ಮತ್ತು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಮುನಿಸಿಪಾಲಿಟಿ ಎಂದು ಬೇರೆ ಬೇರೆಯಾಗಿ ನಡೆದವು. ಮರುವರ್ಷ ಅರ್ಧದಷ್ಟು ಸದಸ್ಯರನ್ನು ಆರಿಸಿ ಕಳಿಸಲು ಅವಕಾಶ ಸಿಕ್ಕಿತು. ಆಸ್ತಿ ತೆರಿಗೆಯೂ ಆಗಲೇ ಶುರುವಾಯಿತು. 1913ರಲ್ಲಿ ಗೌರವ ಅಧ್ಯಕ್ಷರ ಸ್ಥಾನ, ಏಳು ವರ್ಷದ ಮೇಲೆ ಅದೇ ಸ್ಥಾನಕ್ಕೆ ಚುನಾವಣೆ.

1926ರಲ್ಲಿ ದಂಡಿನ ಮಂಡಳಿಗೆ ನೇಮಕಗೊಂಡ ಕಮಿಷನರ್ ಬಂದರು. ಸಭೆ ತೀರ್ಮಾನಿಸುವುದು, ನೇಮಕಗೊಂಡ ಅಧಿಕಾರಿ ಜಾರಿಗೊಳಿಸುವುದು ಎಂಬ ಇಬ್ಭಾಗ ಇಂದಿಗೂ ಬದಲಾಗದೆ ಉಳಿದಿದೆ. ಪಾಲಿಕೆಯ ಕಾರ್ಯಾಂಗದ ಮುಖ್ಯಸ್ಥರು ಆಯುಕ್ತರೇ ಹೊರತು ಮೇಯರ್ ಅಲ್ಲ. ಟೆಂಡರು, ಕಾರ್ಯಾದೇಶ, ನೋಟಿಸು ಎಲ್ಲವೂ ಹೊರಡುವುದು ಆಯುಕ್ತರ ಕಚೇರಿಯಿಂದ, ಮತ್ತು ಆಯುಕ್ತರನ್ನು ಕಳಿಸುವುದು, ಕರೆಸಿಕೊಳ್ಳುವುದು ರಾಜ್ಯ ಸರ್ಕಾರ. ಬೆಂಗಳೂರಿನ ಮೇಯರ್ ಏಕೆ ರಸ್ತೆಗುಂಡಿ ಮುಚ್ಚಿಸಲಾರರು ಎಂದು ಕೇಳುವವರಿಗೆ ಉತ್ತರ ಇಲ್ಲಿಯೇ ಇದೆ.

ಸ್ವಾತಂತ್ರ್ಯದ ಹೊತ್ತಿಗೆ ದಂಡು ಮೈಸೂರಿಗೆ ಮರಳಿತು. 1949ರ ಬೆಂಗಳೂರು ನಗರ ಕಾರ್ಪೊರೇಷನ್ ಕಾಯ್ದೆ ಎರಡನ್ನೂ ಒಂದು ಮಾಡಿತು. 50 ವಿಭಾಗ, 70 ಚುನಾಯಿತ ಸದಸ್ಯರು. ಎರಡು ಊರುಗಳು ಒಂದಾದದ್ದು ದೊಡ್ಡ ಕೆಲಸ, ಅದರ ಹಿರಿಮೆಯನ್ನು ಕಡಿಮೆ ಮಾಡಬೇಕಿಲ್ಲ. ಆದರೆ ಹೀಗೆ ಒಂದಾದ ಕಾರ್ಪೊರೇಷನ್ನಿನ ಸುತ್ತ, ಅದಕ್ಕೆ ಉತ್ತರ ಹೇಳಬೇಕಿಲ್ಲದ ಸಂಸ್ಥೆಗಳು ಅಷ್ಟರಲ್ಲೇ ಬೆಳೆಯತೊಡಗಿದ್ದವು.

ಒಂದೊಂದಾಗಿ ಹೊರಗೆ ನಿಂತ ಕೆಲಸಗಳು

1945ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಬಂತು. ಬಡಾವಣೆ ಮಾಡುವುದು, ನಿವೇಶನ ಹಂಚುವುದು ಅದರ ಕೆಲಸ. 1976ರಲ್ಲಿ ಅದೇ ಬಿಡಿಎ ಆಯಿತು, ನಗರದ ಮಹಾಯೋಜನೆ (ಮಾಸ್ಟರ್ ಪ್ಲಾನ್) ಬರೆಯುವ ಅಧಿಕಾರವೂ ಜೊತೆಗೆ ಸೇರಿತು. 1964ರ ಕಾಯ್ದೆಯಿಂದ ಕುಡಿಯುವ ನೀರು ಮತ್ತು ಒಳಚರಂಡಿ ಜಲಮಂಡಳಿಗೆ ಸೇರಿದವು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಊರಿಗೆ ಬಂದದ್ದೂ ಆ ಮಂಡಳಿಯ ಮೂಲಕವೇ. ಬಸ್ಸು 1997ರಿಂದ ಬಿಎಂಟಿಸಿ, ವಿದ್ಯುತ್ 2002ರಿಂದ ಬೆಸ್ಕಾಂ, ಆಮೇಲೆ ಮೆಟ್ರೋ ನಿಗಮ. ಇತ್ತೀಚೆಗೆ ಕಸಕ್ಕೂ ಪ್ರತ್ಯೇಕ ಕಂಪನಿಯೇ ಆಗಿದೆ.

ದೊಡ್ಡ ಬಂಡವಾಳ, ತಾಂತ್ರಿಕ ಪರಿಣತಿ, ಊರ ಗಡಿಯಾಚೆಗೂ ಹಬ್ಬುವ ಕೊಳವೆ ಮತ್ತು ತಂತಿ ಎಂದು ಒಂದೊಂದಕ್ಕೂ ಸರಿಯಾದ ಕಾರಣವೇ ಇತ್ತು. ಒಟ್ಟು ಪರಿಣಾಮ ಗೊತ್ತಾಗುವುದು ಒಂದು ಬೀದಿಯ ಮಟ್ಟಕ್ಕೆ ಇಳಿದಾಗ. ಡಾಂಬರು ಪಾಲಿಕೆಯದು, ಅದರ ಕೆಳಗಿನ ಕುಡಿಯುವ ನೀರಿನ ಕೊಳವೆ ಜಲಮಂಡಳಿಯದು. ಪಕ್ಕದ ಮೋರಿ ಪಾಲಿಕೆಯದು, ಒಳಚರಂಡಿಯ (ಯುಜಿಡಿ) ಮ್ಯಾನ್‌ಹೋಲು ಜಲಮಂಡಳಿಯದು. ಬೀದಿದೀಪ ಉರಿಸಬೇಕಾದದ್ದು ಪಾಲಿಕೆ, ಅದು ನೇತಾಡುವ ಕಂಬ ಬಹುಪಾಲು ಬೆಸ್ಕಾಂನದು. ಮರ ಕಡಿಯಲು ಪಾಲಿಕೆಯ ಅರಣ್ಯ ವಿಭಾಗದ ಅನುಮತಿ ಬೇಕು, ಆದರೆ ತಂತಿಗೆ ತಾಗುವ ಕೊಂಬೆ ಬೆಸ್ಕಾಂನ ತಲೆನೋವು. ಬಡಾವಣೆ ಬಿಡಿಎಯದಾಗಿದ್ದು ಇನ್ನೂ ಪಾಲಿಕೆಗೆ ಹಸ್ತಾಂತರವಾಗದಿದ್ದರೆ, ರಸ್ತೆ, ದೀಪ, ಖಾತೆ ಎಲ್ಲವೂ ಬಿಡಿಎ ಕಚೇರಿಯಲ್ಲೇ. ದೂರು ಕೊಡುವ ಮೊದಲು ಬಡಾವಣೆ ಹಸ್ತಾಂತರವಾಗಿದೆಯೇ ಎಂದು ವಿಚಾರಿಸದವರು ತಿಂಗಳುಗಟ್ಟಲೆ ತಪ್ಪು ಕಚೇರಿಗೆ ಅಲೆಯುತ್ತಾರೆ.

ಹೊಸ ರಸ್ತೆ ಹಾಕಿದ ವಾರಕ್ಕೇ ಅಗೆಯುತ್ತಾರೆ ಎಂಬ ಹಳೆಯ ದೂರಿನ ಬೇರು ಇದೇ. ರಸ್ತೆ ಅಗೆಯಬೇಕಾದ ಸಂಸ್ಥೆ ಪಾಲಿಕೆಗೆ ಅರ್ಜಿ ಹಾಕಿ, ಅಗೆತದ ಉದ್ದ, ಅಗಲಕ್ಕೆ ತಕ್ಕಂತೆ ಪುನಃಸ್ಥಾಪನಾ ಶುಲ್ಕ ಕಟ್ಟಿ ಅನುಮತಿ ಪಡೆಯಬೇಕು. ಎಲ್ಲ ಸಂಸ್ಥೆಗಳ ಅರ್ಜಿ ಒಂದೇ ಕಡೆ ಬರಲೆಂದು ಆನ್‌ಲೈನ್ ವ್ಯವಸ್ಥೆಯೂ ಇದೆ. ಆದರೆ ತುರ್ತು ಸೋರಿಕೆಗೆ ಯಾರೂ ಅನುಮತಿಗೆ ಕಾಯುವುದಿಲ್ಲ, ಕಾಯಲೂಬಾರದು. ಅಗೆದ ಗುಂಡಿಗೆ ಮಣ್ಣು ತುಂಬಿ, ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡದೆ ಮೇಲೆ ತೆಳುವಾಗಿ ಡಾಂಬರು ಬಳಿದರೆ ಮೊದಲ ಮಳೆಗೆ ಅದು ಕುಸಿಯುತ್ತದೆ. ಆಗ ಪಾಲಿಕೆ ಜಲಮಂಡಳಿಯ ಕಡೆ ಬೆರಳು ತೋರಿಸುತ್ತದೆ, ಮಂಡಳಿ ತನ್ನ ಪಾಲಿನ ಶುಲ್ಕ ಆಗಲೇ ಕಟ್ಟಿದ್ದೇನೆ ಎನ್ನುತ್ತದೆ. ಎರಡೂ ಮಾತು ಕಾಗದದ ಮೇಲೆ ಸರಿಯಾಗಿಯೇ ಇರುತ್ತವೆ. ಬಿದ್ದು ಕೈಕಾಲು ಮುರಿದುಕೊಂಡವರಿಗೆ ಮಾತ್ರ ಉತ್ತರ ಸಿಗುವುದಿಲ್ಲ.

2007: ಊರು ಒಮ್ಮೆಲೇ ಮೂರು ಪಟ್ಟು

1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ ರಾಜ್ಯದ ಎಲ್ಲ ನಗರಗಳಿಗೂ ಒಂದೇ ಚೌಕಟ್ಟು ಕೊಟ್ಟಿತು. ಅದರಡಿ ಮೇಯರ್ ಅವಧಿ ಒಂದೇ ವರ್ಷ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಸಂಸ್ಥೆಗಳಿಗೆ ಐದು ವರ್ಷದ ಅವಧಿ, ರಾಜ್ಯ ಚುನಾವಣಾ ಆಯೋಗ, ರಾಜ್ಯ ಹಣಕಾಸು ಆಯೋಗ, ವಾರ್ಡ್ ಸಮಿತಿ ಎಲ್ಲವನ್ನೂ ಹೇಳಿತು. 12ನೇ ಅನುಸೂಚಿಯಲ್ಲಿ 18 ಕೆಲಸಗಳನ್ನು ಪಟ್ಟಿ ಮಾಡಿತು. ನಗರ ಯೋಜನೆ ಮೊದಲನೆಯದು, ನೀರು ಸರಬರಾಜು ಐದನೆಯದು. ಆದರೆ ಅವನ್ನು ವಹಿಸಿಕೊಡುವುದನ್ನು ರಾಜ್ಯದ ಶಾಸಕಾಂಗಕ್ಕೆ ಬಿಟ್ಟಿತು. ಬೆಂಗಳೂರಿನಲ್ಲಿ ಯೋಜನೆ ಬಿಡಿಎಯಲ್ಲೇ ಉಳಿಯಿತು, ನೀರು ಮಂಡಳಿಯಲ್ಲೇ ಉಳಿಯಿತು.

2007ರ ಜನವರಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಜೊತೆ ಬೊಮ್ಮನಹಳ್ಳಿ, ಮಹದೇವಪುರ, ಕೆ.ಆರ್.ಪುರ, ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ ಎಂಬ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಲಾಯಿತು. ಸುಮಾರು 226 ಚದರ ಕಿ.ಮೀ. ಇದ್ದ ಊರು 700 ದಾಟಿತು. ವಾರ್ಡುಗಳು 198. 2011ರ ಜನಗಣತಿಯಲ್ಲಿ ಜನ 84.43 ಲಕ್ಷ. ಅಂದರೆ ಒಬ್ಬ ಕಾರ್ಪೊರೇಟರ್‌ಗೆ ಸರಾಸರಿ 42,600 ಜನ, ಒಂದು ಸಣ್ಣ ಪಟ್ಟಣದಷ್ಟು.

ಈ ವಿಲೀನದಲ್ಲಿ ಎಡವಿದ್ದು ಎರಡು ಕಡೆ. ಮೊದಲನೆಯದು ನೀರು. ಗಡಿ ಒಂದು ಅಧಿಸೂಚನೆಯಿಂದ ಬದಲಾಗುತ್ತದೆ, ಕೊಳವೆ ಹಾಗೆ ಬದಲಾಗುವುದಿಲ್ಲ. ಆ 110 ಹಳ್ಳಿಗಳನ್ನು ಗುರಿಯಾಗಿಟ್ಟುಕೊಂಡ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಪಾಲಿಕೆಗೆ ಸೇರಿ ಹದಿನೇಳು ವರ್ಷಗಳಾದ ಮೇಲೆ! ಅಲ್ಲಿಯವರೆಗೆ ಬೋರ್‌ವೆಲ್ಲು, ಟ್ಯಾಂಕರು.

ಎರಡನೆಯದು ಖಾತೆ. ಪಂಚಾಯಿತಿ ಮತ್ತು ನಗರಸಭೆ ಕಾಲದಲ್ಲಿ ಕೃಷಿ ಜಮೀನನ್ನು ಭೂಪರಿವರ್ತನೆ ಮಾಡದೆ, ಬಡಾವಣೆ ನಕ್ಷೆಗೆ ಮಂಜೂರಾತಿ ಪಡೆಯದೆ ಮಾರಿದ ಕಂದಾಯ ನಿವೇಶನಗಳು ಲಕ್ಷಗಟ್ಟಲೆ ಇದ್ದವು. ಪಾಲಿಕೆ ಅವುಗಳಿಂದ ತೆರಿಗೆ ಬಿಡುವಂತಿರಲಿಲ್ಲ, ಸಕ್ರಮವೆಂದು ಒಪ್ಪುವಂತೆಯೂ ಇರಲಿಲ್ಲ. ಹಾಗಾಗಿ ತೆರಿಗೆ ವಸೂಲಿಗೆಂದೇ ಬೇರೆ ವಹಿಯಲ್ಲಿ ಬರೆದುಕೊಂಡರು. ಜನ ಅದನ್ನು ಬಿ ಖಾತಾ ಎಂದರು. ಬಿ ಖಾತಾ ಇದ್ದವರು ತೆರಿಗೆ ಕಟ್ಟುತ್ತಿದ್ದರು, ನಕ್ಷೆ ಮಂಜೂರಾತಿ ಸಿಗುತ್ತಿರಲಿಲ್ಲ, ಬಹಳಷ್ಟು ಬ್ಯಾಂಕುಗಳು ಸಾಲವನ್ನೂ ಕೊಡುತ್ತಿರಲಿಲ್ಲ. ಊರನ್ನು ಒಂದು ಮಾಡಿದರೂ ಅದರೊಳಗಿನ ಮನೆಗಳು ಎರಡು ದರ್ಜೆಯವಾಗಿ ಉಳಿದದ್ದು ಹೀಗೆ.

ಬಹುಮತವಿದ್ದೂ ಮೇಯರ್ ಸಿಗದ ಚುನಾವಣೆ

ಬಿಬಿಎಂಪಿಗೆ ನಡೆದದ್ದು ಎರಡೇ ಚುನಾವಣೆ, 2010ರ ಮಾರ್ಚ್ 28 ಮತ್ತು 2015ರ ಆಗಸ್ಟ್ 22. ಬಿಬಿಎಂಪಿ ಹುಟ್ಟಿದಾಗಲೇ ಚುನಾಯಿತ ಸಭೆ ಇರಲಿಲ್ಲ, ಮೊದಲ ಸಭೆಗೆ ಮೂರು ವರ್ಷ ಕಾಯಬೇಕಾಯಿತು. 2010ರಿಂದ 2020ರವರೆಗಿನ ಹತ್ತು ವರ್ಷಗಳಲ್ಲಿ ಹತ್ತು ಮೇಯರ್‌ಗಳು ಬಂದು ಹೋದರು. ಬಜೆಟ್ ಅಧ್ಯಯನ ಮಾಡಿ, ಒಂದು ಕಾಮಗಾರಿಗೆ ಟೆಂಡರು ಕರೆದು, ಅದು ಮುಗಿಯುವುದನ್ನು ನೋಡಲು ಒಂದು ವರ್ಷ ಸಾಲುವುದಿಲ್ಲ. ಪಾಲಿಕೆಯ ಕಡತ ಓಡಾಡುವ ವೇಗ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2015ರ ಫಲಿತಾಂಶ ಇನ್ನೊಂದು ತೊಡಕನ್ನು ಎತ್ತಿ ತೋರಿಸಿತು. 198ರಲ್ಲಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14, ಇತರರು 8. ಬಿಜೆಪಿಗೆ ಸದಸ್ಯರ ಸ್ಪಷ್ಟ ಬಹುಮತ ಇತ್ತು, ಮೇಯರ್ ಆದದ್ದು ಕಾಂಗ್ರೆಸ್‌ನವರು. ನಗರದ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ಮೇಯರ್ ಚುನಾವಣೆಯಲ್ಲಿ ಮತ ಇದ್ದದ್ದರಿಂದ, ಜೆಡಿಎಸ್ ಮತ್ತು ಪಕ್ಷೇತರರ ಜೊತೆ ಸೇರಿ ಲೆಕ್ಕ ತಿರುಗಿತು. ಕಾನೂನಿನ ಪ್ರಕಾರ ಎಲ್ಲವೂ ಸರಿ. ಆದರೆ ವಾರ್ಡಿನಲ್ಲಿ ಹಾಕಿದ ಮತ ಮೇಯರ್ ಕುರ್ಚಿಯವರೆಗೆ ನೇರವಾಗಿ ತಲುಪುವುದಿಲ್ಲ ಎಂಬುದು ಆ ದಿನ ಎಲ್ಲರಿಗೂ ಅರ್ಥವಾಯಿತು. ಯಾವ ಪಕ್ಷಕ್ಕೆ ಲಾಭ ಎಂಬುದು ಇಲ್ಲಿ ಮುಖ್ಯವಲ್ಲ, ನಾಳೆ ಇದೇ ನಿಯಮ ಇನ್ನೊಂದು ಪಕ್ಷದ ಕೈ ಹಿಡಿಯಬಹುದು.

2020ರ ಸೆಪ್ಟೆಂಬರ್ 10ಕ್ಕೆ ಸಭೆಯ ಅವಧಿ ಮುಗಿಯಿತು. ಆಡಳಿತಾಧಿಕಾರಿ ಬಂದರು. 198 ವಾರ್ಡಿಗೇ ಚುನಾವಣೆ ನಡೆಸಿ ಎಂದು ಹೈಕೋರ್ಟ್ 2020ರ ಡಿಸೆಂಬರ್ 4ರಂದು ಹೇಳಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆ ವೇಳೆಗೆ ವಾರ್ಡುಗಳನ್ನು 243ಕ್ಕೆ ಏರಿಸುವ ಬಿಬಿಎಂಪಿ ಕಾಯ್ದೆ 2020 ತಯಾರಾಗಿತ್ತು, 2021ರ ಜನವರಿಯಲ್ಲಿ ಜಾರಿಗೂ ಬಂತು. ಮೇಯರ್ ಅವಧಿಯನ್ನು ಅದು 30 ತಿಂಗಳಿಗೆ ಏರಿಸಿತು, ಆ ಅವಧಿಯನ್ನು ಅನುಭವಿಸುವ ಮೇಯರ್ ಬರಲೇ ಇಲ್ಲ. 2022ರಲ್ಲಿ 243 ವಾರ್ಡುಗಳ ಗಡಿ ಗುರುತಾಯಿತು, ಸರ್ಕಾರ ಬದಲಾಯಿತು, 2023ರಲ್ಲಿ ಅದು 225 ಆಯಿತು. ಎರಡೂ ಪಟ್ಟಿಯ ಮೇಲೆ ಚುನಾವಣೆ ನಡೆಯಲಿಲ್ಲ. 2025 ಮುಗಿಯುವಾಗಲೂ ನಗರಕ್ಕೆ ಚುನಾಯಿತ ಸಭೆ ಇರಲಿಲ್ಲ.

ತಡವಾಗುವ ದಾರಿಯನ್ನು ಸ್ಪಷ್ಟವಾಗಿ ನೋಡಬೇಕು, ಏಕೆಂದರೆ ಅದೇ ಮರುಕಳಿಸುತ್ತದೆ. ಅವಧಿ ಮುಗಿಯುವ ಮುಂಚೆ ಚುನಾವಣೆ ಆಗಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಚುನಾವಣಾ ಆಯೋಗ ಮತದಾರರ ಪಟ್ಟಿ ತಯಾರಿಸಬಲ್ಲದು, ದಿನಾಂಕ ಗೊತ್ತು ಮಾಡಬಲ್ಲದು. ಆದರೆ ವಾರ್ಡಿನ ಗಡಿ ಮತ್ತು ಮೀಸಲಾತಿ ಪಟ್ಟಿ ಸರ್ಕಾರದಿಂದ ಬರಬೇಕು. ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಅಂತಿಮಗೊಳಿಸಿದ ಮೇಲೆ ಯಾರಾದರೂ ಕೋರ್ಟಿಗೆ ಹೋಗುತ್ತಾರೆ. ವಾರ್ಡಿನ ಜನಸಂಖ್ಯೆಯಲ್ಲಿ ಏರುಪೇರು ಇದ್ದೇ ಇರುವುದರಿಂದ ಅವರಿಗೆ ವಾದವೂ ಸಿಗುತ್ತದೆ. ಅಷ್ಟರಲ್ಲಿ ಕಾಯ್ದೆಯೇ ಬದಲಾದರೆ ಎಲ್ಲವೂ ಮೊದಲ ಹೆಜ್ಜೆಯಿಂದ.

ಸಭೆ ಇಲ್ಲದಾಗ ಮೊದಲು ಸೊರಗುವುದು ವಾರ್ಡ್ ಸಮಿತಿ. ಕಾರ್ಪೊರೇಟರ್ ಅಧ್ಯಕ್ಷತೆಯ ಹತ್ತು ಜನರ ಸಮಿತಿ, ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಪರಿಶಿಷ್ಟರಿಂದ ಇಬ್ಬರು, ನಿವಾಸಿಗಳ ಸಂಘಗಳಿಂದ ಇಬ್ಬರು. ನಾಗರಿಕರ ಒತ್ತಾಯ ಮತ್ತು ಹೈಕೋರ್ಟಿನ ನಿರ್ದೇಶನದ ನಂತರವೇ ತಿಂಗಳ ಮೊದಲ ಶನಿವಾರದ ಸಭೆಗಳು ಒಂದು ರೂಢಿಯಾಗಿದ್ದವು. ಕಾರ್ಪೊರೇಟರ್ ಹೋದ ಮೇಲೆ ನೋಡಲ್ ಅಧಿಕಾರಿ ನಡೆಸಿದರು. ದೂರು ಬರೆದುಕೊಳ್ಳಲು ಅವರಿಗೆ ಸಾಧ್ಯ. ತನ್ನ ವಾರ್ಡಿಗೆ ಇಷ್ಟು ಹಣ ಬೇಕೆಂದು ಪಾಲಿಕೆ ಸಭೆಯಲ್ಲಿ ಎದ್ದು ನಿಂತು ಜಗಳವಾಡಲು ಅವರು ಸದಸ್ಯರಲ್ಲ.

4,960 ರೂಪಾಯಿಯ ಲೆಕ್ಕ

ಪಾಲಿಕೆಯ ಸ್ವಂತ ಹಣವೆಂದರೆ ಮುಖ್ಯವಾಗಿ ಆಸ್ತಿ ತೆರಿಗೆ. 2008-09ರಿಂದ ಅದು ಯೂನಿಟ್ ಏರಿಯಾ ಮೌಲ್ಯ ಪದ್ಧತಿಯಲ್ಲಿದೆ. ನಗರವನ್ನು ಎಯಿಂದ ಎಫ್‌ವರೆಗೆ ವಲಯ ಮಾಡಿ, ಚದರಡಿಗೆ ತಿಂಗಳಿಗೆ ಇಷ್ಟು ಎಂದು ದರ ಗೊತ್ತುಮಾಡಿದರು. ಲೆಕ್ಕಕ್ಕೆ ಹಿಡಿಯುವುದು ಹನ್ನೆರಡು ತಿಂಗಳಲ್ಲ, ಹತ್ತು. ಸ್ವಂತ ವಾಸದ ಮನೆಗೆ ಬಾಡಿಗೆ ಮನೆಯ ದರದ ಅರ್ಧ.

1,000 ಚದರಡಿಯ ಸ್ವಂತ ವಾಸದ ಮನೆ, ದರ 2 ರೂಪಾಯಿ ಎಂದುಕೊಳ್ಳಿ. ಸಾವಿರವನ್ನು ಎರಡರಿಂದ, ಮತ್ತೆ ಹತ್ತರಿಂದ ಗುಣಿಸಿದರೆ 20,000. ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಇದರಲ್ಲಿ ಕಳೆಯಬೇಕು, ಇಲ್ಲಿ ಅದನ್ನು ಬಿಟ್ಟಿದ್ದೇವೆ. ವಾಸದ ಕಟ್ಟಡಕ್ಕೆ ತೆರಿಗೆ 20%, ಅಂದರೆ 4,000. ಅದರ ಮೇಲೆ 24% ಕರ (ಸೆಸ್), 960. ಒಟ್ಟು 4,960. ಆ 960ರಲ್ಲಿ ಆರೋಗ್ಯ ಕರ 600, ಗ್ರಂಥಾಲಯ ಕರ 240, ಭಿಕ್ಷುಕರ ಕರ 120. ಕೊನೆಯ ಎರಡು, 360 ರೂಪಾಯಿ, ಪಾಲಿಕೆಯವಲ್ಲ. ವಸೂಲು ಮಾಡಿ ಗ್ರಂಥಾಲಯ ವ್ಯವಸ್ಥೆಗೆ ಮತ್ತು ನಿರಾಶ್ರಿತರ ಪರಿಹಾರಕ್ಕೆ ದಾಟಿಸಬೇಕಾದದ್ದು. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದವರಿಗೆ 5% ರಿಯಾಯಿತಿ.

ತಪ್ಪುಗಳು ಆಗುವುದು ಸ್ವಯಂ ಘೋಷಣೆಯಲ್ಲಿ. ವಲಯ ತಪ್ಪಾಗಿ ಬರೆದಿರುತ್ತಾರೆ, ಬಾಡಿಗೆಗೆ ಕೊಟ್ಟ ಮಹಡಿಯನ್ನು ಸ್ವಂತ ವಾಸವೆಂದು ತೋರಿಸಿರುತ್ತಾರೆ, ಆಮೇಲೆ ಕಟ್ಟಿದ ಮಹಡಿ ಲೆಕ್ಕಕ್ಕೇ ಬಂದಿರುವುದಿಲ್ಲ. ವರ್ಷಗಳ ನಂತರ ನೋಟಿಸು ಬಂದಾಗ ವ್ಯತ್ಯಾಸದ ಜೊತೆ ದಂಡ, ಬಡ್ಡಿಯೂ ಸೇರಿ ಹೊರೆಯಾಗುತ್ತದೆ.

ದರ ಪರಿಷ್ಕರಣೆ ಮೂರು ವರ್ಷಕ್ಕೊಮ್ಮೆ ಆಗಬೇಕೆಂದು ಕಾಯ್ದೆಯಲ್ಲಿತ್ತು. 2008ರ ನಂತರ ಅದು ಆದದ್ದು 2016ರಲ್ಲಿ. ಚುನಾವಣೆಗೆ ಹೋಗಬೇಕಾದ ಸಭೆಗೂ ರಾಜ್ಯ ಸರ್ಕಾರಕ್ಕೂ ತೆರಿಗೆ ಏರಿಸುವ ಮನಸ್ಸು ಇರುವುದಿಲ್ಲ. ಹಾಗೆ ಬಿಟ್ಟ ಹಣದ ಜಾಗವನ್ನು ರಾಜ್ಯದ ಅನುದಾನ ತುಂಬುತ್ತದೆ, ಅನುದಾನದ ಜೊತೆ ರಾಜ್ಯದ ಆದ್ಯತೆಯೂ ಬರುತ್ತದೆ. ವಾರ್ಡಿನ ಮೋರಿಗಿಂತ ಮೇಲ್ಸೇತುವೆಗೆ ಬೇಗ ಹಣ ಸಿಗುವುದು ಹೀಗೆ.

ವಾರ್ಡ್ ಸಂಖ್ಯೆಗೆ ಗಂಟುಬಿದ್ದ ದಾಖಲೆ

ಹೊರಗಿನವರ ಕಣ್ಣಿಗೆ ಬೀಳದ ಒಂದು ಸಂಗತಿ ಇದು. ಪಾಲಿಕೆಯ ಪ್ರತಿ ಕಾಮಗಾರಿಗೂ ಒಂದು ಜಾಬ್ ಸಂಖ್ಯೆ ಇರುತ್ತದೆ, ಅದರ ಮೊದಲ ಭಾಗ ವಾರ್ಡ್ ಸಂಖ್ಯೆ, ಆಮೇಲೆ ವರ್ಷ, ಆಮೇಲೆ ಕ್ರಮಾಂಕ. ಸಹಾಯಕ ಎಂಜಿನಿಯರ್ ದರಪಟ್ಟಿ ನೋಡಿ ಅಂದಾಜುಪಟ್ಟಿ ಬರೆಯುತ್ತಾರೆ. ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರು, ಕಾರ್ಯಾದೇಶ ಸಾಲಾಗಿ ಬರುತ್ತವೆ. ಕೆಲಸ ನಡೆದಂತೆ ಅಳತೆ ಪುಸ್ತಕದಲ್ಲಿ ನಮೂದು, ಅದರ ಮೇಲೆ ಬಿಲ್ಲು. ಮುಗಿದ ಮೇಲೆ ದೋಷ ಹೊಣೆ ಅವಧಿ: ಅಷ್ಟರೊಳಗೆ ರಸ್ತೆ ಕಿತ್ತುಬಂದರೆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿಮಾಡಬೇಕು. ಈ ಹೊಣೆಯನ್ನು ಹಿಡಿದಿಡುವುದು ಆ ಜಾಬ್ ಸಂಖ್ಯೆಯೇ. ಆಸ್ತಿಯ ಗುರುತಿನ (ಪಿಐಡಿ) ಸಂಖ್ಯೆಯೂ ಹಾಗೆಯೇ, ವಾರ್ಡ್, ರಸ್ತೆ, ನಿವೇಶನ ಎಂಬ ಮೂರು ತುಂಡು.

ವಾರ್ಡುಗಳನ್ನು ಮರುವಿಂಗಡಿಸಿದಾಗ ಬೀದಿ ಅಲ್ಲೇ ಇರುತ್ತದೆ, ಅದರ ದಾಖಲೆಯ ಹೆಸರು ಹಳೆಯ ವಾರ್ಡಿನಲ್ಲಿ ಉಳಿಯುತ್ತದೆ. ಮೂರು ವರ್ಷದ ಹಿಂದೆ ಡಾಂಬರಾದ ರಸ್ತೆಗೆ ಹೊಸ ವಾರ್ಡ್ ಸಂಖ್ಯೆಯಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಹಳೆಯದಕ್ಕೂ ಹೊಸದಕ್ಕೂ ಬೀದಿವಾರು ಹೊಂದಾಣಿಕೆ ಪಟ್ಟಿ ಮಾಡಿ ಪ್ರಕಟಿಸದಿದ್ದರೆ, ಹೊಣೆ ಅವಧಿಯೊಳಗಿನ ರಸ್ತೆಗೇ ಮತ್ತೊಮ್ಮೆ ಟೆಂಡರು ಕರೆಯಲು ಬಾಗಿಲು ತೆರೆದಂತೆ. ಒಂದು ಪಾಲಿಕೆ ಐದಾದಾಗ ಈ ಅಪಾಯವೂ ಅಷ್ಟೇ ಹೆಚ್ಚುತ್ತದೆ. ಮಾಡಲು ಸಾಧ್ಯವಾದ ಕೆಲಸ, ದೊಡ್ಡ ಖರ್ಚಿನದೂ ಅಲ್ಲ. ಮಾಡಲೇಬೇಕು.

ಐದು ಪಾಲಿಕೆ, ಒಂದು ಪ್ರಾಧಿಕಾರ

ಬಿಬಿಎಂಪಿಯನ್ನು ಒಡೆಯುವ ಮಾತು 2025ರಲ್ಲಿ ಹುಟ್ಟಿದ್ದಲ್ಲ. 2014ರಲ್ಲಿ ಬಿ.ಎಸ್. ಪಾಟೀಲ್ ನೇತೃತ್ವದ ಸಮಿತಿಗೆ ಇದನ್ನು ಪರಿಶೀಲಿಸಲು ಒಪ್ಪಿಸಲಾಗಿತ್ತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2024 ಜಾರಿಗೆ ಬಂದದ್ದು 2025ರ ಮೇ 15ರಂದು. ಸುಮಾರು 712 ಚದರ ಕಿ.ಮೀ.ಯನ್ನು ಕೇಂದ್ರಕ್ಕೆ 78, ದಕ್ಷಿಣಕ್ಕೆ 147, ಉತ್ತರಕ್ಕೆ 158, ಪಶ್ಚಿಮಕ್ಕೆ 161, ಪೂರ್ವಕ್ಕೆ 168 ಎಂದು ಹಂಚಲಾಯಿತು. ನವೆಂಬರಿನಲ್ಲಿ ಅಂತಿಮವಾದ ವಾರ್ಡುಗಳು ಒಟ್ಟು 369: ಪಶ್ಚಿಮದಲ್ಲಿ 112, ಉತ್ತರ ಮತ್ತು ದಕ್ಷಿಣದಲ್ಲಿ ತಲಾ 72, ಕೇಂದ್ರದಲ್ಲಿ 63, ಪೂರ್ವದಲ್ಲಿ 50. 2011ರ ಜನಸಂಖ್ಯೆಯ ಪ್ರಕಾರ ವಾರ್ಡಿಗೆ ಸರಾಸರಿ 22,900 ಜನ. ಹಳೆಯ 42,600ಕ್ಕೆ ಹೋಲಿಸಿದರೆ ಇದು ನಿಜವಾದ ಲಾಭ. ಕಾರ್ಪೊರೇಟರ್ ಮನೆ ಜನರಿಗೆ ಹತ್ತಿರವಾಗುತ್ತದೆ.

ಆದರೆ 2011ರ ಲೆಕ್ಕ ಪೂರ್ವಕ್ಕೆ ಅನ್ಯಾಯ ಮಾಡುತ್ತದೆ. ವೈಟ್‌ಫೀಲ್ಡ್, ಹೊರವರ್ತುಲ ರಸ್ತೆಯ ಬದಿ ಜನ ತುಂಬಿದ್ದು ಬಹುಪಾಲು ಆ ಗಣತಿಯ ನಂತರ. ಅಲ್ಲಿ ಒಂದು ವಾರ್ಡಿನಲ್ಲಿ ಇಂದು ಇರುವ ಜನ, ಹಳೆಯ ಬಡಾವಣೆಗಳ ವಾರ್ಡಿನಲ್ಲಿರುವವರಿಗಿಂತ ಎಷ್ಟೋ ಹೆಚ್ಚು.

ಹಣದ ವಿಷಯ ಇದರ ತಿರುಗುಮುರುಗು. ಬಿಬಿಎಂಪಿಯ ಎಂಟು ವಲಯಗಳಲ್ಲಿ ಅತಿ ಹೆಚ್ಚು ತೆರಿಗೆ ತರುತ್ತಿದ್ದದ್ದು ಮಹದೇವಪುರ, ಈಗ ಅದು ಪೂರ್ವ ಪಾಲಿಕೆಯ ಜೀವನಾಡಿ. ಪಶ್ಚಿಮದಲ್ಲಿ ವಾರ್ಡು ಹೆಚ್ಚು, ಸಣ್ಣ ಮನೆಗಳು ಹೆಚ್ಚು, ದೊಡ್ಡ ತೆರಿಗೆದಾರರು ಕಡಿಮೆ. ದೆಹಲಿ ಈ ಪಾಠವನ್ನು ದುಬಾರಿ ಬೆಲೆಗೆ ಕಲಿತಿದೆ. 2012ರಲ್ಲಿ ಅಲ್ಲಿನ ಪಾಲಿಕೆಯನ್ನು ಮೂರು ಮಾಡಿದರು. ದಕ್ಷಿಣ ಹೇಗೋ ನಡೆಯಿತು, ಪೂರ್ವ ಮತ್ತು ಉತ್ತರಕ್ಕೆ ಸಂಬಳ ಕೊಡುವುದೇ ಕಷ್ಟವಾಯಿತು, ಪೌರಕಾರ್ಮಿಕರು ಮತ್ತೆ ಮತ್ತೆ ಮುಷ್ಕರ ಹೂಡಿದರು. 2022ರ ಮೇನಲ್ಲಿ ಮೂರನ್ನೂ ಮತ್ತೆ ಒಂದು ಮಾಡಿದರು. ಬೆಂಗಳೂರಿನಲ್ಲಿ 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಸಿಕ್ಕಿತು. ದಶಕಗಳ ಹೋರಾಟದಿಂದ ಬಂದ ಹಕ್ಕು ಅದು. ಅವರ ಸಂಬಳ ಯಾವ ಪಾಲಿಕೆಯ ಖಜಾನೆ ಬಡವಾಗಿದೆ ಎಂಬುದರ ಮೇಲೆ ನಿಲ್ಲಬಾರದು. ಐದರ ನಡುವೆ ಹಣ ಸರಿದೂಗಿಸುವ ಸೂತ್ರ ಲಿಖಿತವಾಗಿ, ವರ್ಷದ ಆರಂಭದಲ್ಲೇ ಗೊತ್ತಿರುವಂತೆ ಇರಬೇಕು.

ನಕ್ಷೆಯ ಅಧಿಕಾರ ಬಿಡಿಎಯಿಂದ ಹೊರಟಿತು, ಪಾಲಿಕೆಗಳಿಗೆ ಬರಲಿಲ್ಲ. ಯೋಜನಾ ಪ್ರಾಧಿಕಾರ ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರವೇ. ಮುಖ್ಯಮಂತ್ರಿ ಅಧ್ಯಕ್ಷರು, ಬೆಂಗಳೂರು ಅಭಿವೃದ್ಧಿ ಸಚಿವರು ಉಪಾಧ್ಯಕ್ಷರು. ಸಚಿವರು, ಶಾಸಕರು, ಮೇಯರ್‌ಗಳು, ಜಲಮಂಡಳಿ, ಬೆಸ್ಕಾಂ, ಬಿಎಂಟಿಸಿ, ಮೆಟ್ರೋದಂಥ ಸಂಸ್ಥೆಗಳ ಮುಖ್ಯಸ್ಥರು ಒಂದೇ ಮೇಜಿನ ಸುತ್ತ ಕೂರುತ್ತಾರೆ. ಇದರಲ್ಲಿ ಒಳ್ಳೆಯ ಅಂಶವಿದೆ: ಆ ಮೇಜಿನ ಮೇಲಾದರೂ ನೀರು, ರಸ್ತೆ, ಸಾರಿಗೆ ಒಟ್ಟಿಗೆ ಚರ್ಚೆಯಾಗಬಹುದು. ತೊಂದರೆಯೂ ಅಲ್ಲೇ ಇದೆ: ರಾಜ್ಯದ ಮುಖ್ಯಸ್ಥರು ಕೂತ ಸಭೆಯಲ್ಲಿ ಐವರು ಮೇಯರ್‌ಗಳ ಮಾತು ಎಷ್ಟು ನಡೆದೀತು? ಪಾಲಿಕೆಗಳ ಕೆಲಸದಲ್ಲಿ ಪ್ರಾಧಿಕಾರ ಹಸ್ತಕ್ಷೇಪ ಮಾಡುವುದಿಲ್ಲ ಎಂದು 2025ರಲ್ಲೇ ತಿದ್ದುಪಡಿ ತಂದದ್ದು ಈ ಆತಂಕ ಕಾಲ್ಪನಿಕವಲ್ಲ ಎಂಬುದನ್ನೇ ಹೇಳುತ್ತದೆ. ಸದ್ಯ ನಗರ ನಡೆಯುತ್ತಿರುವುದು 2007ರಲ್ಲಿ ಒಪ್ಪಿಗೆಯಾದ, ಹೆಸರೇ 2015 ಎಂದಿರುವ ಪರಿಷ್ಕೃತ ಮಹಾಯೋಜನೆಯ ಮೇಲೆ. 2031ರ ಕರಡನ್ನು ಕೈಬಿಡಲಾಯಿತು. ಹೊಸ ಯೋಜನೆ ಬರೆಯುವಾಗ ಪ್ರಾಧಿಕಾರ ಐದು ಪಾಲಿಕೆಗಳ ಸಭೆಗಳನ್ನು ಕೇಳುತ್ತದೆಯೋ ಇಲ್ಲವೋ ಎಂಬುದೇ ಮೊದಲ ಪರೀಕ್ಷೆ.

ಮತ್ತೆ ಕಾಲುವೆಗೆ

ಸದ್ಯದ 2015ರ ಮಹಾಯೋಜನೆಯಲ್ಲಿ ರಾಜಕಾಲುವೆಗೆ ಬಿಡಬೇಕಾದ ಅಂಚು ಬರೆದಿದೆ: ಕಾಲುವೆಯ ನಡುಗೆರೆಯಿಂದ ಅಳೆದು ಪ್ರಾಥಮಿಕಕ್ಕೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15. ಕೆರೆಗೆ ದಂಡೆಯಿಂದ 30. ಹಸಿರು ನ್ಯಾಯಮಂಡಳಿ ಇದನ್ನು ಹಿಗ್ಗಿಸಿತ್ತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಈಗ ಕೋರಮಂಗಲ ಕಣಿವೆಯಲ್ಲಿ ಕೇಂದ್ರ ಪಾಲಿಕೆ ತನ್ನ ಭಾಗದ ಕಾಲುವೆಗೆ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟಿ, ಹೂಳೆತ್ತಿ, ನೀರನ್ನು ವೇಗವಾಗಿ ಕಳಿಸಿತೆನ್ನಿ. ಅದರ ಕೆಲಸ ಚೆನ್ನಾಗಿಯೇ ಆಯಿತು. ಕೆಳಗೆ ಕಾಲುವೆ ಕಿರಿದಾಗಿರುವ ಕಡೆ ನೀರು ಉಕ್ಕಿ ಇನ್ನೊಂದು ಪಾಲಿಕೆಯ ಮನೆಗಳಿಗೆ ನುಗ್ಗುತ್ತದೆ. ಮೇಲಿನವರ ಬಜೆಟ್ಟಿನಲ್ಲಿ ಕೆಳಗಿನವರ ಮುಳುಗಡೆಗೆ ಕಾಲಂ ಇಲ್ಲ.

ಆದ್ದರಿಂದ ಕಣಿವೆಯೊಂದಕ್ಕೆ ಒಬ್ಬನೇ ಮುಖ್ಯ ಎಂಜಿನಿಯರ್ ಹೊಣೆಯಾಗಬೇಕು, ಪಾಲಿಕೆ ಎಷ್ಟೇ ಇರಲಿ. ಹೂಳೆತ್ತುವ ಕೆಲಸ ಕೆಳತುದಿಯಿಂದ ಶುರುವಾಗಿ ಮೇಲಕ್ಕೆ ಬರಬೇಕು. ಮುಂಗಾರಿಗೆ ಮುಂಚೆ, ಏಪ್ರಿಲ್ ಮುಗಿಯುವುದರೊಳಗೆ, ಗಡಿ ದಾಟುವ ಪ್ರತಿ ಜಾಗದಲ್ಲಿ ಎರಡೂ ಪಾಲಿಕೆಗಳ ಎಂಜಿನಿಯರ್‌ಗಳು ಜಂಟಿಯಾಗಿ ನಿಂತು ಕಾಲುವೆಯ ಅಗಲ, ಆಳ, ತಳಮಟ್ಟ ಅಳೆದು ಒಂದೇ ಪುಸ್ತಕಕ್ಕೆ ಸಹಿ ಹಾಕಬೇಕು. ಕೊಳಚೆ ಸೇರುವ ಜಾಗಗಳ ಪಟ್ಟಿ ಅದೇ ದಿನ ಜಲಮಂಡಳಿಗೆ ಹೋಗಬೇಕು. ಆ ಪುಸ್ತಕ ವಾರ್ಡ್ ಸಮಿತಿಯ ಮೇಜಿನ ಮೇಲೂ ಇರಲಿ. ಮಳೆ ಬಂದ ರಾತ್ರಿ ನೀರು ಎಲ್ಲಿ ನಿಂತಿತು, ಅಲ್ಲಿ ಏಪ್ರಿಲ್‌ನಲ್ಲಿ ಯಾರು ಸಹಿ ಹಾಕಿದ್ದರು ಎಂದು ಪುಟ ತಿರುಗಿಸಿ ನೋಡುವಷ್ಟು ಸುಲಭವಾಗಿರಬೇಕು.